ಯುರೋಪಿನ ಚಾರ್ಜರ್ ಕಾನೂನಿಗೂ ಕಾಸರಗೋಡಿನಲ್ಲಿ ಕೊಳ್ಳುವ ಫೋನಿಗೂ ಏನು ಸಂಬಂಧ?

ಎರಡು ಥರದ ಫೋನ್ ಮಾಡುವುದು ಕಂಪನಿಗಳಿಗೆ ದುಬಾರಿ, ಅದೇ ಸಂಬಂಧ. 2024ರ ಡಿಸೆಂಬರ್ 28ರಿಂದ ಯುರೋಪಿಯನ್ ಯೂನಿಯನ್‌ನಲ್ಲಿ ಮಾರಾಟಕ್ಕೆ ಬರುವ, ವೈರ್ ಹಾಕಿ ಚಾರ್ಜ್ ಮಾಡುವ ಹೊಸ ಫೋನ್‌ಗಳಿಗೆ ಟೈಪ್-ಸಿ ಪೋರ್ಟ್ ಇರಲೇಬೇಕು. ಆ ಪೋರ್ಟ್ ಒಂದು ಬದಲಾದರೆ ಸಾಕು, ಒಳಗಿನ ಬೋರ್ಡು, ಹೊರಗಿನ ಕವಚ, ಪರೀಕ್ಷೆ ಎಲ್ಲವನ್ನೂ ಬೇರೆಯಾಗಿ ಮಾಡಬೇಕಾಗುತ್ತದೆ. ಹಾಗಾಗಿ ಆಪಲ್ ಕೂಡ 2023ರಲ್ಲಿ ಐಫೋನ್ 15ಕ್ಕೆ ತನ್ನದೇ ಆದ ಲೈಟ್ನಿಂಗ್ ಪೋರ್ಟ್ ಬಿಟ್ಟು ಎಲ್ಲ ದೇಶಗಳಲ್ಲೂ ಟೈಪ್-ಸಿಯನ್ನೇ ಕೊಟ್ಟಿತು. ಗಲ್ಫ್‌ನಿಂದ ಅಣ್ಣ ತಂದ ಐಫೋನ್ 15ಕ್ಕೆ ಈಗ ಬದಿಯಡ್ಕದ ಅಂಗಡಿಯಲ್ಲಿ ಕೊಂಡ ಟೈಪ್-ಸಿ ಕೇಬಲ್ಲೇ ಸಾಕು, ದೊಡ್ಡ ಉಪಕಾರ ಅಲ್ವಾ?

ಆದರೆ ಪೋರ್ಟ್ ಒಂದೇ ಅಂತ ವೇಗವೂ ಒಂದೇ ಆಗುವುದಿಲ್ಲ. ಕೇಬಲ್ ಸಿಕ್ಕಿಸಿದ ಕೂಡಲೇ ಫೋನೂ ಚಾರ್ಜರೂ ಎಷ್ಟು ವೋಲ್ಟ್ ಬೇಕು, ಎಷ್ಟು ಕೊಡಬಹುದು ಎಂದು ಮಾತಾಡಿಕೊಳ್ಳುತ್ತವೆ; ಒಂದರ ಭಾಷೆ ಇನ್ನೊಂದಕ್ಕೆ ಬಾರದಿದ್ದರೆ ಸುಮ್ನೆ 5 ವೋಲ್ಟ್‌ನಲ್ಲಿ ನಿಧಾನಕ್ಕೆ ಚಾರ್ಜ್ ಆಗುತ್ತದೆ. ಅದಕ್ಕೇ ಆ ಕಾನೂನು ಫಾಸ್ಟ್ ಚಾರ್ಜಿಂಗ್ ಇರುವ ಫೋನ್‌ಗಳಿಗೆ ಪವರ್ ಡೆಲಿವರಿ (ಪಿಡಿ) ಎಂಬ ಒಂದು ಸಾಮಾನ್ಯ ಭಾಷೆಯನ್ನೂ ಕಡ್ಡಾಯ ಮಾಡಿದೆ, ಕಂಪನಿ ಅದರ ಜೊತೆಗೆ ತನ್ನದೇ ಇನ್ನೊಂದನ್ನು ಇಟ್ಟುಕೊಳ್ಳಬಹುದು. ಹೊಸ ಚಾರ್ಜರ್ ಕೊಳ್ಳುವಾಗ ಅದರ ಮೇಲೆ ಪಿಡಿ ಎಂದು ಬರೆದಿದೆಯಾ ನೋಡಿಯೇ ತನ್ನಿ.