ಆ ಇಲಿಯನ್ನು ಕೆಟ್ಟ ತಾಯಿ ಅಂದವರು ಯಾರು?

ನಮಸ್ಕಾರ.

ಇಲಿಮರಿಗಳ ಬಾಲ್ಯದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ. ಮೆದುಳಿನಲ್ಲಿ ನೆನಪಿಗೆ ಬೇಕಾದ ಭಾಗವಾದ ಹಿಪೊಕ್ಯಾಂಪಸ್ ಏನು ಮಾಡುತ್ತದೆ ಅನ್ನುವುದನ್ನು ಎರಡೇ ಸಾಲಿನಲ್ಲಿ ಚೆನ್ನಾಗಿ ಹೇಳಿದ್ದೀರಿ. ಆದರೆ ಮೂರನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂತು. ಯಾಕೆ ಅಂತ ಹೇಳದೆ ಸುಮ್ನೆ ವಾಪಸ್ ಕಳಿಸುವುದು ಸರಿಯಲ್ಲ.

ನಿಮ್ಮ ಸಾಲು: 'ಮರಿಗಳನ್ನು ನೆಕ್ಕದ ಕೆಟ್ಟ ತಾಯಿಯ ಮರಿಗಳು ಅಂಜುಬುರುಕವಾಗಿ ಬೆಳೆಯುತ್ತವೆ.' ನೆಕ್ಕದ ತಾಯಿ ಅಲ್ಲ, ಕಡಿಮೆ ನೆಕ್ಕುವ ತಾಯಿ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಅವರ ತಂಡ ಇದನ್ನು ಹೇಗೆ ನೋಡಿತು ಗೊತ್ತಾ? ಇಲಿ ಮರಿ ಹಾಕಿದ ಮೊದಲ ದಿನಗಳಲ್ಲಿ ಪಂಜರದ ಮುಂದೆ ಕೂತು, ಕೆಲವು ನಿಮಿಷಕ್ಕೊಮ್ಮೆ ಬರೆದುಕೊಳ್ಳುವುದು. ಈಗ ನೆಕ್ಕುತ್ತಿದೆಯಾ? ಮರಿಗಳಿಗೆ ಮೊಲೆ ಸಿಗಲಿ ಅಂತ ಬೆನ್ನು ಬಾಗಿಸಿ ಎತ್ತಿದೆಯಾ? ಗೂಡು ಬಿಟ್ಟು ಹೋಗಿದೆಯಾ? ದಿನಕ್ಕೆ ಹಲವು ಸಲ ಹೀಗೆ ನೋಡಿ, ಆಮೇಲೆ ಜಾಸ್ತಿ ನೆಕ್ಕುವವು, ಕಡಿಮೆ ನೆಕ್ಕುವವು ಅಂತ ವಿಂಗಡಿಸಿದರು. ಎರಡೂ ಥರದ ತಾಯಂದಿರು ಮರಿಗಳ ಜೊತೆ ಕಳೆಯುವ ಹೊತ್ತು ಹೆಚ್ಚುಕಡಿಮೆ ಒಂದೇ. ಹಾಲು ಕುಡಿಯುವುದನ್ನು ಬಿಡುವ ಹೊತ್ತಿಗೆ ಮರಿಗಳ ತೂಕದಲ್ಲೂ ವ್ಯತ್ಯಾಸವಿಲ್ಲ. ಇದರಲ್ಲಿ 'ಕೆಟ್ಟ' ಎಲ್ಲಿಂದ ಬಂತು?

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಅಲ್ಲಿನ ಹಿರಿಯ ಉಪಸಂಪಾದಕರು ಬಂದ ಲೇಖನಗಳ ಜೊತೆ ಒಂದು ಪೆನ್ಸಿಲ್ ಕೊಡುತ್ತಿದ್ದರು. ಯಾರೋ ಕಣ್ಣಾರೆ ಕಂಡದ್ದನ್ನು, ಅಳೆದದ್ದನ್ನು ಹೇಳುವ ಸಾಲಿಗೆ ನೇರ ಗೆರೆ. ಬರೆದವರು ಅಂದುಕೊಂಡದ್ದಕ್ಕೆ ಅಂಕುಡೊಂಕು ಗೆರೆ. ಮಳೆಯ ವರದಿಯಾಗಲಿ, ರೇಷ್ಮೆಗೂಡಿನ ಬೆಲೆಯಾಗಲಿ, ಎಲ್ಲದಕ್ಕೂ ಇದೇ. ಸಂಜೆ ಹಾಳೆ ತಿರುವಿ, ಒಂದು ಅಂಕುಡೊಂಕು ಗೆರೆಯ ಮೇಲೆ ಬೆರಳಿಟ್ಟು, 'ಇದನ್ನ ಯಾರು ನೋಡಿದ್ರು?' ಅನ್ನುತ್ತಿದ್ದರು. ಅಷ್ಟೇ ಪಾಠ. ನಾನು ಈಗಲೂ ಹಾಗೇ ಓದುತ್ತೇನೆ. ನಿಮ್ಮ ಮೂರನೇ ಪುಟದಲ್ಲಿ ಒಂದೂ ನೇರ ಗೆರೆ ಬೀಳಲಿಲ್ಲ.

ಮುಂದಿನ ಸಾಲು: 'ಸಿಗದ ಪ್ರೀತಿ ಮೆದುಳನ್ನು ಶಾಶ್ವತವಾಗಿ ಹಾಳು ಮಾಡುತ್ತದೆ.' ಮೊದಲು 'ಹಾಳು' ನೋಡೋಣ. ಕಡಿಮೆ ನೆಕ್ಕಿಸಿಕೊಂಡ ಇಲಿಯನ್ನು ದೊಡ್ಡದಾದ ಮೇಲೆ ಇಕ್ಕಟ್ಟಾದ ಕೊಳವೆಯಲ್ಲಿ 20 ನಿಮಿಷ ಇಟ್ಟರು. ಅದರ ರಕ್ತದಲ್ಲಿ ಒತ್ತಡದ ಹಾರ್ಮೋನು ಜಾಸ್ತಿ ಏರಿತು. ಆ ಹಾರ್ಮೋನನ್ನು ಗುರುತಿಸಿ 'ಇನ್ನು ಸಾಕು' ಅನ್ನುವ ಗ್ರಾಹಕಗಳು ಹಿಪೊಕ್ಯಾಂಪಸ್‌ನಲ್ಲಿ ಕಡಿಮೆ ಇದ್ದವು. ಇದು 1997ರ ಫಲಿತಾಂಶ. ಆದರೆ 2008ರ ಇನ್ನೊಂದು ಪ್ರಯೋಗದಲ್ಲಿ, ಹೆದರಿಕೆಯ ಸನ್ನಿವೇಶವನ್ನು ನೆನಪಿಟ್ಟುಕೊಳ್ಳುವುದರಲ್ಲಿ ಇಂಥ ಇಲಿಗಳೇ ಮುಂದಿದ್ದವು. ಅಪಾಯ ಜಾಸ್ತಿ ಇರುವ ಕಡೆ ಬದುಕಬೇಕಾದ ಪ್ರಾಣಿಗೆ ಅದು ಬೇಕಾದ ಗುಣ ಅಲ್ವಾ?

ಇನ್ನು 'ಶಾಶ್ವತ'. ಕಡಿಮೆ ನೆಕ್ಕಿಸಿಕೊಂಡ ಮರಿಗಳಲ್ಲಿ ಆ ಗ್ರಾಹಕದ ವಂಶವಾಹಿಯ ಮೇಲೆ ಅದರ ಕೆಲಸ ತಗ್ಗಿಸುವ ಮೀಥೈಲ್ ಅನ್ನುವ ರಾಸಾಯನಿಕ ಗುರುತುಗಳು ಜಾಸ್ತಿ ಕೂತಿರುತ್ತವೆ ಅಂತ 2004ರಲ್ಲಿ ತೋರಿಸಿದರು. ಇಷ್ಟನ್ನು ನೀವೂ ಬರೆದಿದ್ದೀರಿ. ಅದೇ ಪ್ರಬಂಧದ ಉಳಿದರ್ಧ ಯಾಕೆ ಬಿಟ್ಟಿರಿ? ಬೆಳೆದ ಇಲಿಯ ಮೆದುಳಿಗೆ ಒಂದು ಔಷಧ ಹರಿಸಿದಾಗ ಎರಡು ಗುಂಪಿನ ವ್ಯತ್ಯಾಸವೇ ಅಳಿಸಿಹೋಯಿತು. ಇಡೀ ಸಂಶೋಧನೆಯಲ್ಲಿ ನನ್ನನ್ನು ಎಬ್ಬಿಸಿ ಕೂರಿಸಿದ್ದು ಆ ಭಾಗ. ನಿಮ್ಮ ಓದುಗರಿಗೆ ಅದು ಸಿಗಲೇ ಇಲ್ಲ.

ಕೊನೆಯ ಸಾಲು ನನಗೆ ತೀರಾ ನೋವು ಕೊಟ್ಟಿತು: 'ಆದ್ದರಿಂದ ಕೆಲಸಕ್ಕೆ ಹೋಗುವ ತಾಯಂದಿರು ಯೋಚಿಸಬೇಕು.' ಎಲ್ಲಿಯ ಪಂಜರ, ಎಲ್ಲಿಯ ತಾಯಂದಿರು! ಈ ಪ್ರಯೋಗದಲ್ಲಿ ಯಾವ ತಾಯಿಯನ್ನೂ ಮರಿಗಳಿಂದ ಬೇರ್ಪಡಿಸಿರಲಿಲ್ಲ. ಬೇರ್ಪಡಿಸುವ ಪ್ರಯೋಗಗಳೂ ಇವೆ. ಅವು ಹೇಳುವ ಕಥೆ ಬೇರೆ. 1957ರಲ್ಲಿ ಸೀಮೋರ್ ಲೆವಿನ್ ಅನ್ನುವ ವಿಜ್ಞಾನಿ ಇಲಿಮರಿಗಳನ್ನು ದಿನಾ ಕೆಲವು ನಿಮಿಷ ಎತ್ತಿ ಬೇರೆ ಇಟ್ಟು ವಾಪಸ್ ಬಿಟ್ಟರು. ಆ ಮರಿಗಳು ಬೆಳೆದ ಮೇಲೆ ಒತ್ತಡವನ್ನು ಹೆಚ್ಚು ತಡೆದುಕೊಂಡವು. ಮರಿ ವಾಪಸ್ ಬಂದಾಗ ತಾಯಿ ಇನ್ನೂ ಜಾಸ್ತಿ ನೆಕ್ಕುತ್ತದೆ ಅನ್ನುವುದು ಆಮೇಲೆ ಗೊತ್ತಾಯಿತು. ಗಂಟೆಗಟ್ಟಲೆ ಬೇರೆ ಇಟ್ಟರೆ ಫಲಿತಾಂಶ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬದಲಾಗುತ್ತದೆ. ಇಷ್ಟನ್ನು ಹಿಡಿದುಕೊಂಡು, ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ಬಸ್ಸು ಹತ್ತುವ ಹೆಣ್ಣುಮಗಳಿಗೆ ಬುದ್ಧಿ ಹೇಳುವುದು ಬೇಡ. ನಮ್ಮ ಪತ್ರಿಕೆಯಲ್ಲಂತೂ ಬೇಡ.

ಆ ಪ್ಯಾರಾ ತೆಗೆಯಿರಿ. ಆ ಜಾಗದಲ್ಲಿ 1999ರ ಅದಲುಬದಲಿನ ಪ್ರಯೋಗ ಬರೆಯಿರಿ. ಹುಟ್ಟಿದ 12 ಗಂಟೆಯೊಳಗೆ ಮರಿಗಳನ್ನು ಒಂದು ತಾಯಿಯಿಂದ ಇನ್ನೊಂದಕ್ಕೆ ಕೊಟ್ಟರು. ಅವು ಹೆತ್ತ ತಾಯಿಯನ್ನಲ್ಲ, ಸಾಕಿದ ತಾಯಿಯನ್ನು ಹೋಲಿದವು. ಹೆಣ್ಣುಮರಿಗಳು ದೊಡ್ಡವಾಗಿ ತಾವೂ ಮರಿ ಹಾಕಿದಾಗ, ಸಾಕಿದ ತಾಯಿಯ ಹಾಗೇ ನೆಕ್ಕಿದವು. 'ಇದೆಲ್ಲ ಹುಟ್ಟುಗುಣ ಇರಬಹುದಲ್ಲ' ಅಂತ ಓದುಗರು ಕೇಳೇ ಕೇಳುತ್ತಾರೆ. ಅದಕ್ಕೆ ಉತ್ತರ ಇಲ್ಲಿದೆ. ತಿದ್ದಿ ಕಳಿಸಿ, ನಾನೇ ಓದುತ್ತೇನೆ.