ಬಿಸಿಬೇಳೆಬಾತಿಗೆ ಹದಿನೈದು ಡಬ್ಬಿ ಯಾಕೆ?

ಪ್ರಶ್ನೆ: ಒಂದು ವೆಬ್‌ಸೈಟಿಗೆ ಅಡುಗೆ ಬಗ್ಗೆ ಬರೀತೀನಿ ಸರ್. ಮೊದಲೆಲ್ಲ ವರ್ಡ್‌ನಲ್ಲಿ ಟೈಪ್ ಮಾಡಿ ಪೇಸ್ಟ್ ಮಾಡ್ತಿದ್ದೆ, ಈಗ ಸಾಮಗ್ರಿ, ಸಮಯ, ಸಾರಾಂಶ, ಟ್ಯಾಗು ಅಂತ ಹದಿನೈದು ಡಬ್ಬಿ ತುಂಬಿಸಿ ಅಂತಾರೆ. ಬರೆಯೋ ಮೂಡೇ ಹೋಗುತ್ತೆ. ಇದೆಲ್ಲ ಬೇಕಾ?
– ಓದುಗಿ, ಹಾಸನ

ಉತ್ತರ: ಬೇಕಮ್ಮಾ, ಆದ್ರೆ ಹದಿನೈದು ಬೇಡ. ನೀವು ಅಕ್ಷರ ದಪ್ಪ ಮಾಡಿ 'ಬೇಕಾಗುವ ಸಾಮಗ್ರಿ' ಅಂತ ಹಾಕಿದ್ರೆ ಓದೋರಿಗೆ ಅದು ತಲೆಬರಹ, ಕಂಪ್ಯೂಟರಿಗೆ ಬರೀ ದಪ್ಪ ಅಕ್ಷರ. ಅದೇ ಸಾಮಗ್ರಿ ಬೇರೆ ವಿಧಾನ ಬೇರೆ ಅಂತ ಗುರುತು ಮಾಡಿಟ್ರೆ ಮೊಬೈಲಲ್ಲಿ ಒಂದರ ಕೆಳಗೊಂದು, ದೊಡ್ಡ ಸ್ಕ್ರೀನಲ್ಲಿ ಅಕ್ಕಪಕ್ಕ ಕೂರಿಸಬಹುದು, ಕಣ್ಣು ಕಾಣದೋರಿಗೆ ಪರದೆ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್ ಸೀದಾ ವಿಧಾನಕ್ಕೇ ಹೋಗಬಹುದು. ಅಮೆರಿಕದ ಎನ್‌ಪಿಆರ್ ರೇಡಿಯೋದವರು 2009ರ ಹೊತ್ತಿಗೇ ಒಂದ್ಸಲ ಬರೆದಿದ್ದನ್ನ ಎಲ್ಲಾ ಕಡೆ ಹಾಕೋ ಈ ಪದ್ಧತಿ ನಡೆಸ್ತಿದ್ರು.

ನಿಮ್ಮ ಸಿಟ್ಟು ಮಾತ್ರ ಸರಿಯಾಗೇ ಇದೆ. ಫಾರಂ ಮಾಡೋರು ಮಾಹಿತಿ ಕೂಡಿಡೋ ಡೇಟಾಬೇಸ್ ನೋಡ್ಕೊಂಡು ಮಾಡ್ತಾರೆ, ಬರೆಯೋರನ್ನ ಯಾರು ಕೇಳ್ತಾರೆ! 2004ರಲ್ಲಿ ಬಂದ ಮಾರ್ಕ್‌ಡೌನ್ ಅನ್ನೋ ಸರಳ ಗುರುತುಗಳ ಪದ್ಧತೀಲಿ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು (#) ಹಾಕಿದ್ರೆ ತಲೆಬರಹ ಆಯ್ತು, ಕೈ ಕೀಬೋರ್ಡ್ ಬಿಡೋದೇ ಬೇಡ. ವೆಬ್‌ಸೈಟ್ ನಡೆಸೋಕೆ ಬಳಸೋ ವರ್ಡ್‌ಪ್ರೆಸ್ಸಲ್ಲೂ 2018ರಿಂದ ಬರಹವನ್ನ ತುಂಡುತುಂಡಾಗಿ ಜೋಡಿಸೋ ಬ್ಲಾಕ್ ಎಡಿಟರ್ ಇದೆ, ಅಡುಗೆ ಬರಹದ ಖಾಲಿ ಚೌಕಟ್ಟನ್ನ ಒಂದ್ಸಲ ಮಾಡಿಟ್ಕೊಂಡ್ರೆ ಪ್ರತಿಸಲ ಅದರೊಳಗೇ ಓಘವಾಗಿ ಬರೀಬಹುದು (ನಾನೂ ಮೊದಲು ಬೈದಿದ್ದೆ ಅದನ್ನ, ಈಗ ಬಿಡೋಕಾಗಲ್ಲ).

ನಿಮ್ಮ ಟೆಕ್ನಿಕಲ್ ಹುಡುಗರ ಹತ್ರ ಪ್ರತಿ ಡಬ್ಬಿ ತೋರಿಸಿ 'ಇದು ಎಲ್ಲಿ ಕಾಣ್ಸುತ್ತೆ?' ಅಂತ ಕೇಳಿ. ಉತ್ತರ ಇಲ್ದಿದ್ರೆ ತೆಗೆಸಿ. ಟ್ಯಾಗು, ಸಾರಾಂಶ ಎಡಿಟರ್ ಆಮೇಲೆ ತುಂಬಿಸ್ಲಿ. ಮೊದಲು ಬಿಸಿಬೇಳೆಬಾತ್ ಬರೀರಿ.