ಲೇಪ ಹಚ್ಚಿದ ಕ್ಯಾತಿಟರ್ ಹಾಕಿಸಿದರೆ ಸೋಂಕು ಬರಲ್ವಾ?

ಪ್ರಶ್ನೆ: ಲಕ್ವ ಹೊಡೆದ ಮೇಲೆ ಅಪ್ಪನಿಗೆ ಮೂತ್ರದ ಕ್ಯಾತಿಟರ್ ಹಾಕಿದ್ದಾರೆ. ಮತ್ತೆ ಮತ್ತೆ ಸೋಂಕಾಗುತ್ತಿದೆ. ಬ್ಯಾಕ್ಟೀರಿಯಾ ಕೊಲ್ಲುವ ಪಾಲಿಮರ್ ಲೇಪ ಇರುವ ಕ್ಯಾತಿಟರ್ ಬಂದಿದೆಯಂತೆ. ಜಾಸ್ತಿ ದುಡ್ಡು ಕೊಟ್ಟು ಅದನ್ನೇ ಹಾಕಿಸಬೇಕೇ?
– ಓದುಗರು, ದಾವಣಗೆರೆ

ಉತ್ತರ: ಸದ್ಯಕ್ಕೆ ಅದೊಂದನ್ನೇ ನಂಬಿ ದುಡ್ಡು ಹಾಕಬೇಡಿ ಅಂತಲೇ ಹೇಳುತ್ತೇನೆ.

ಪಾಲಿಮರ್ ಅಂದರೆ ಚಿಕ್ಕ ಅಣುಗಳು ಸರಪಳಿಯಂತೆ ಸೇರಿ ಆದ ಉದ್ದನೆಯ ಅಣು. ಅದರ ಲೇಪದಲ್ಲಿ ಎರಡು ಬಗೆ. ಪಾಲಿಎಥಿಲೀನ್ ಗ್ಲೈಕಾಲ್‌ನಂಥವು ತಮ್ಮ ಸುತ್ತ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಬ್ಯಾಕ್ಟೀರಿಯಾಗೆ ಅಂಟಿಕೊಳ್ಳಲು ನೆಲೆ ಸಿಗುವುದಿಲ್ಲ, ಆದರೆ ಅದು ಸಾಯುವುದೂ ಇಲ್ಲ. ಇನ್ನೊಂದು ಬಗೆ ಮುಟ್ಟಿದ್ದನ್ನೇ ಕೊಲ್ಲುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಕ್ಲಿಬನೋವ್ ತಂಡ 2001ರಲ್ಲಿ ಗಾಜಿನ ಮೇಲೆ ಧನ ವಿದ್ಯುದಂಶದ ಪಾಲಿಮರ್ ಎಳೆಗಳನ್ನು ಕೂರಿಸಿತು. ಅದರ ಮೇಲೆ ಸಿಂಪಡಿಸಿದ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾಗಳಲ್ಲಿ ಸುಮಾರು ಶೇ 94 ಸತ್ತವು. ಬ್ಯಾಕ್ಟೀರಿಯಾದ ಹೊರಪೊರೆಗೆ ಋಣ ವಿದ್ಯುದಂಶ ಇರುತ್ತದಲ್ವಾ, ಎಳೆಗಳು ಅದನ್ನು ಸೆಳೆದು ಪೊರೆಯನ್ನೇ ಹರಿದುಹಾಕುತ್ತವೆ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದಲ್ಲೂ ಜಯಂತ ಹಲ್ದಾರ್ ಅವರ ತಂಡ ಇಂಥ ಪಾಲಿಮರ್‌ಗಳ ಮೇಲೆ ಕೆಲಸ ಮಾಡಿದೆ. ಇದು ನನಗೆ ನಿಜಕ್ಕೂ ಹೆಮ್ಮೆಯ ವಿಷಯ.

ಆದರೆ ಒಣ ಗಾಜೇ ಬೇರೆ, ಮೂತ್ರಕೋಶವೇ ಬೇರೆ. ಸತ್ತ ಬ್ಯಾಕ್ಟೀರಿಯಾ, ಮೂತ್ರದಲ್ಲಿನ ಪ್ರೋಟೀನು ಎಲ್ಲ ಲೇಪದ ಮೇಲೆ ಕೂತು ಅದನ್ನು ಮುಚ್ಚಿಬಿಡುತ್ತವೆ, ಆಮೇಲೆ ಬಂದವು ಆ ಹೆಣಗಳ ಮೇಲೆಯೇ ಮನೆ ಮಾಡುತ್ತವೆ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಇನ್ನೂ ಹಟಮಾರಿ. ಯೂರಿಯಾ ಒಡೆದು ಅಮೋನಿಯಾ ಮಾಡುತ್ತದೆ, ಮೂತ್ರ ಕ್ಷಾರವಾಗಿ ಸುಣ್ಣದಂಥ ಹರಳು ಕಟ್ಟಿ ಕೊಳವೆಯೇ ಕಟ್ಟಿಕೊಳ್ಳುತ್ತದೆ. ಪಾಲಿಮರ್ ಅಲ್ಲದಿದ್ದರೂ ಬೆಳ್ಳಿ ಲೇಪದ ಕ್ಯಾತಿಟರ್‌ನ ಕತೆ ಇಲ್ಲಿ ಹೇಳಲೇಬೇಕು: ಬ್ರಿಟನ್ನಿನ 24 ಆಸ್ಪತ್ರೆಗಳಲ್ಲಿ 7,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೆಲವೇ ದಿನ ಹಾಕಿದ್ದರೂ, ಸೋಂಕು ತಡೆಯುವುದರಲ್ಲಿ ಅದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಮೊದಲು ಡಾಕ್ಟರನ್ನು ಕೇಳಿ, ಕ್ಯಾತಿಟರ್ ಇನ್ನೂ ಬೇಕೇ ಬೇಕಾ ಅಂತ. ಬೇಕಾದಾಗ ಮಾತ್ರ ಹಾಕಿ ತೆಗೆಯುವ ಕ್ಯಾತಿಟರ್, ಗಂಡಸರಿಗೆ ಹೊರಗಿಂದ ತೊಡಿಸುವ ಕಾಂಡೋಮ್ ಕ್ಯಾತಿಟರ್, ಎರಡೂ ಇವೆ. ಯಾವುದು ಹೊಂದುತ್ತದೆ ಅಂತ ಅವರೇ ಹೇಳಲಿ. ಬೇಕೇ ಬೇಕು ಅಂದರೆ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಕೊಳವೆಯ ಜೋಡಣೆಯನ್ನು ಸುಮ್ಸುಮ್ನೆ ಬಿಚ್ಚಬೇಡಿ, ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಮೂತ್ರ ಮಬ್ಬಾಗಿ ಕಂಡಿತು ಅಂತ ಜ್ವರ, ನೋವು ಏನೂ ಇಲ್ಲದೆ ಆ್ಯಂಟಿಬಯೋಟಿಕ್ ಕೊಡಬೇಡಿ. ಚಳಿಜ್ವರ ಬಂದರೆ, ಮಾತು ತೊದಲಿ ಮಂಕಾದರೆ, ಮೂತ್ರ ನಿಂತರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.